ದುಭಾಷಿಯ ಕೆಲಸ ಹೋದದ್ದು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಬೀದಿ ನಮ್ಮದು.
ಗಾಳಿ ಈ ಕಡೆ ತಿರುಗಿದರೆ
ಕಣ್ಣಿಲ್ಲದ ಮಕ್ಕಳು ಹುರಿದ ವಾಸನೆ ಹಿಡಿದೇ ಗೇಟು ಮುಟ್ಟುತ್ತಾರೆ.
ನಾನು ಕಿಟಕಿ ಮುಚ್ಚಿ
ಅಕ್ಕಿಯ ಲೆಕ್ಕ ಬರೆಯುತ್ತೇನೆ.

ಮುಖ್ಯೋಪಾಧ್ಯಾಯಿನಿ ಅಂದರೆ ಏನೆಂದು
ಬಾಗಿಲ ಮೇಲಿನ ಹಲಗೆಗೆ ಗೊತ್ತು, ನನಗೆ ಅಷ್ಟಾಗಿ ಇಲ್ಲ.
ಗಂಟೆ ಹೊಡೆದರೆ ಅರ್ಧ ಹಾಸ್ಟೆಲ್ಲು ಏಳುತ್ತದೆ,
ಇನ್ನರ್ಧಕ್ಕೆ ದೀಪ ಮಿಣುಕಿಸಬೇಕು.
ಕರೆಂಟು ಹೋದ ಬೆಳಗ್ಗೆ
ವಾಚ್‌ಮನ್ ಕೆಂಚಪ್ಪ ಮಂಚಗಳ ಸಾಲಿನಲ್ಲಿ ನಡೆಯುತ್ತ
ಒಂದೊಂದೇ ಕಾಲಿನ ಹೆಬ್ಬೆರಳು ಹಿಡಿದು ಅಲ್ಲಾಡಿಸುತ್ತಾನೆ.
ಅನುದಾನದ ಅರ್ಜಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಹೋದ ಆಷಾಢದಲ್ಲಿ ಚೆಂಡಿನ ಜಗಳ.
ಜಗಳೂರಿನ ಹಾಲಮ್ಮ, ಹನ್ನೊಂದು ವರ್ಷ,
ಕಣ್ಣು ಕೊಡದ ದೇವರು ನಾಲಿಗೆ ಮೂರು ಜನರದ್ದು ಕೊಟ್ಟಿದ್ದಾನೆ.
ಅವಳ ಗುಂಪಿನ ಕ್ರಿಕೆಟ್ಟಿನ ಗಲಗಲ ಚೆಂಡನ್ನು
ಭಟ್ಟಿ ಖಾದರಸಾಬರ ಮಗ ದಾದಾಪೀರ
ಬ್ಲೇಡಿನಿಂದ ಸೀಳಿಬಿಟ್ಟಿದ್ದ.
ಯಾಕೋ ಅಂದೆ ಕೈಯಲ್ಲಿ.
ಒಳಗೆ ಏನಿದೆ ಅಂತ, ಅಂದ.
ಎಲ್ಲರೂ ಅದರ ಹಿಂದೆ ಓಡುತ್ತಾರಲ್ಲ,
ಏನಿದೆ ಅಂತ.
ಹದಿನಾರು ಛರ್ರೆ ಇದ್ದವು. ಅಷ್ಟೇ.

ನನ್ನ ಮೇಜಿನ ಆಚೆ ಇಬ್ಬರೂ.
ಇವಳ ಬೈಗುಳ ಅವನಿಗೆ ಕೇಳದು,
ಅವನದು ಇವಳಿಗೆ ಕಾಣದು,
ನಡುವೆ ನಾನು, ಸಂಬಳ ತಿನ್ನುವ ದುಭಾಷಿ.
‘ಅವನ ಕೈಗೆ ಹುಳ ಬೀಳ್ಲಿ ಅಂತ ಹೇಳ್ರಿ ಮೇಡಂ.’
ಅವಳಿಗೆ ಬೇಜಾರಾಗಿದೆ, ಎಂದೆ ನನ್ನ ಕೈಗಳಿಂದ.
ಅವನು ತಲೆಯ ಪಕ್ಕ ಬೆರಳು ಬಗ್ಗಿಸಿ
ಕೊಂಬು ತೋರಿಸಿ, ಕೆಸರಲ್ಲಿ ಹೊರಳುವುದನ್ನೂ ತೋರಿಸಿದ.
‘ತಪ್ಪಾಯ್ತಂತೆ ಕಣೇ,’ ಎಂದೆ.

ಅಭ್ಯಾಸಬಲ.
ತಪಾಸಣೆಗೆ ಬಂದ ಸಾಹೇಬರು ಟೀ ಕುಡಿಯುತ್ತ
‘ಇವಕ್ಕೆ ಎಷ್ಟರಮಟ್ಟಿಗೆ ತಿಳಿಯುತ್ತೆ?’ ಅಂದಾಗಲೂ
ಚೆನ್ನಾಗಿ ಓದಿ ಅಂದರು ಎಂದು ಸಾಲಿಗೆಲ್ಲ ಹೇಳಿದವಳು ನಾನು.
ಹನ್ನೆರಡು ವರ್ಷ ಹೀಗೇ
ಮಾತಿನಲ್ಲಿ ಕಲ್ಲು ಆರಿಸಿದ್ದೇನೆ.

ಹಾಲಮ್ಮ ತಲೆ ವಾಲಿಸಿದಳು.
‘ಸುಳ್ಳು ಮೇಡಂ. ತಪ್ಪಾಯ್ತು ಅನ್ನೋರು
ಹಿಂಗೆ ಬುಸ್ ಅಂತ ಉಸಿರು ಬಿಡಲ್ಲ.’
ದಾದಾಪೀರ ಅವಳ ಬಾಯಿ ತೋರಿಸಿದ,
ನನ್ನ ಕೈ ತೋರಿಸಿದ,
ಅಲ್ಲ ಅಲ್ಲ ಎಂದು ತಲೆಯಾಡಿಸಿದ.
ಮೊದಲ ಸಲ ಇಬ್ಬರೂ ಒಂದೇ ಪಕ್ಷ.
ನಾನು ಎದುರಿಗೆ.

ಆಮೇಲೆ ಒಂದು ವಾರ ಅವನು ಚಿತ್ರದ ಕ್ಲಾಸಿಗೆ ಹೋಗಲಿಲ್ಲ.
ಬ್ರೈಲ್ ಕೋಣೆಯಲ್ಲಿ ಪಾಟಿ, ಮೊಳೆ, ದಪ್ಪ ಕಾಗದ,
ಟಕ್ ಟಕ್ ಟಕ್, ಅವನೊಬ್ಬನಿಗೇ ಕೇಳದ ಶಬ್ದ.
ಮೊದಲ ಹಾಳೆ ಮೇಲೆ ಬೆರಳೋಡಿಸಿ
‘ಇದ್ಯಾವ ಊರಿನ ಭಾಷೆ?’ ಅಂದಳು ಅವಳು.
ಬಲದಿಂದ ಎಡಕ್ಕೆ, ಬೆನ್ನ ಕಡೆಯಿಂದ ಚುಚ್ಚಬೇಕೆಂದು
ಪಾಪ ಅವನಿಗೇನು ಗೊತ್ತು.
ಅವನ ಇ ಅವಳ ಬೆರಳಿಗೆ ಏ ಆಗಿತ್ತು.
ನಾನು ಹೇಳಿಕೊಡಬಹುದಿತ್ತು. ಬಾಗಿಲಲ್ಲೇ ನಿಂತೆ.

ನಾಲ್ಕನೆಯ ಹಾಳೆ ಸರಿಬಂತು, ಬಹುತೇಕ.
ನೀನು ಎಮ್ಮೆ ಎಂದು ಬರೆಯಲು ಹೋಗಿ
ಒತ್ತು ಬಿಟ್ಟಿದ್ದ.
ನೀನು ಎಮೆ, ಎಂದಿತ್ತು ಕಾಗದ.

ಹಾಲಮ್ಮ ಎರಡು ಸಲ ಓದಿದಳು.
‘ಎಮ್ಮೆ ಅಂತ ಬರೆಯಾಕೂ ಬರಲ್ಲ ಇವನಿಗೆ!’
ಹೊಟ್ಟೆ ಹಿಡಿದು ನಕ್ಕಳು. ಅವಳ ಹೆಗಲು ಕುಣಿಯುವುದನ್ನು ಕಂಡು
ಬೈಗುಳ ತಾಗಿತೆಂದು ಅವನೂ ಬೀಗಿದ.
ಅವನ ಕೈ ಎಳೆದು, ಬಿಟ್ಟುಹೋದ ಚುಕ್ಕಿಯ ಜಾಗಕ್ಕೆ
ಅವನ ಬೆರಳನ್ನೇ ಒತ್ತಿದಳು.

ಕಣ್ಣ ಮೇಲಿನ ಆ ಇನ್ನೊಂದು ಅರ್ಥ ನನ್ನೊಬ್ಬಳ ಬಳಿ ಉಳಿಯಿತು.
ಯಾರಿಗೂ ಅನುವಾದಿಸಲಿಲ್ಲ.

ಛರ್ರೆಗಳು ಈಗ ಅವನ ಬಳಿ ಇವೆ,
ಕೊಬ್ಬರಿ ಎಣ್ಣೆ ಡಬ್ಬಿಯಲ್ಲಿ. ಎದೆಗೆ ಒತ್ತಿಕೊಂಡು ಅಲ್ಲಾಡಿಸುತ್ತಾನೆ.
ಹೊಸ ಚೆಂಡಿಗೆ ಮುನ್ನೂರ ನಲವತ್ತು ರೂಪಾಯಿ.
ಯಾವ ಬಾಬ್ತಿಗೆ ಹಾಕಲಿ ಎಂದು ಗುಮಾಸ್ತ ಕೇಳಿದ.
ಇತರೆ, ಎಂದೆ.